ಹನಿ ಎಣಿಸಿದರಷ್ಟೇ ಸಾಲದು: ಸುಗಂಧ ಎಣ್ಣೆ ಬೆರೆಸುವ ಮುನ್ನ

ಪ್ರಶ್ನೆ: ಈಚೆಗೆ ಊಟಿಗೆ ಹೋದಾಗ ನೀಲಗಿರಿ, ವಿಂಟರ್‌ಗ್ರೀನ್, ಲವಂಗ, ದಾಲ್ಚಿನ್ನಿ, ನಿಂಬೆಹುಲ್ಲಿನ ಎಣ್ಣೆ ತಂದೆ. ಅತ್ತೆಯವರ ಮಂಡಿನೋವಿಗೆ ಅಂತ 100 ಮಿ.ಲೀ. ಬಾಟಲಿಗೆ ನೀಲಗಿರಿ ಒಂದು ಚಮಚ, ವಿಂಟರ್‌ಗ್ರೀನ್ ಒಂದು ಚಮಚ, ಲವಂಗ 40 ಹನಿ, ನಿಂಬೆಹುಲ್ಲು 40 ಹನಿ, ದಾಲ್ಚಿನ್ನಿ 20 ಹನಿ ಹಾಕಿ, ಮೇಲೆ ಕೊಬ್ಬರಿ ಎಣ್ಣೆ ತುಂಬಿಸಿದೆ. ಒಂದು ವಾರ ಅತ್ತೆ ಆರಾಮ ಅಂದರು. ಆಮೇಲೆ ಮಂಡಿ ಕೆಂಪಾಗಿ ತುರಿಕೆ ಶುರುವಾಯಿತು. ಗೊತ್ತಿರುವವರೊಬ್ಬರು "ಒಳಗಿನ ವಿಷ ಹೊರಗೆ ಬರ್ತಿದೆ, ಹಚ್ಚೋದು ನಿಲ್ಲಿಸಬೇಡಿ" ಅಂತಾರೆ. ಅತ್ತೆಗೆ ಹೃದಯದ ವಾಲ್ವ್ ಆಪರೇಷನ್ ಆಗಿದೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೋತಾರೆ. ಮನೆಯಲ್ಲಿ 14 ತಿಂಗಳ ಮಗುವೂ ಇದೆ. ಶೀತ ಆದಾಗ ಡಿಫ್ಯೂಸರ್‌ಗೆ (ಕೋಣೆಯಲ್ಲಿ ಪರಿಮಳ ಹರಡುವ ಯಂತ್ರಕ್ಕೆ) ನೀಲಗಿರಿ ಹಾಕೋಣ ಅಂತಿದ್ದೇನೆ. ನನ್ನ ಮುಖಕ್ಕೂ ನಿಂಬೆ ಎಣ್ಣೆ ಹಾಕಿ ಒಂದು ಎಣ್ಣೆ ಮಾಡಿಕೊಳ್ಳುವ ಆಸೆ. ಎಲ್ಲ ಗಿಡದ ಎಣ್ಣೆಗಳೇ ಅಲ್ವಾ, ಬೆರೆಸುವಾಗ ಏನೇನು ನೋಡಿಕೊಳ್ಳಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಅತ್ತೆಯವರ ವಿಷಯ. ಆ ಎಣ್ಣೆ ಹಚ್ಚುವುದನ್ನು ಇವತ್ತೇ ನಿಲ್ಲಿಸಿ. ಬಟ್ಟೆಗೆ ಬರೀ ಕೊಬ್ಬರಿ ಎಣ್ಣೆ ತಾಗಿಸಿ ಮಂಡಿಯನ್ನು ಮೆಲ್ಲಗೆ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಸುಗಂಧ ಎಣ್ಣೆಗಳು ಬರೀ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತವೆ. ನಂತರ ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿ, "ಒಂದು ವಾರಕ್ಕೂ ಹೆಚ್ಚು ಕಾಲ ವಿಂಟರ್‌ಗ್ರೀನ್ ಎಣ್ಣೆ ಹಚ್ಚಿದ್ದೇವೆ" ಎಂದು ಹೇಳಿ. ಅವರು ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ರಕ್ತಪರೀಕ್ಷೆ ಮಾಡಿಸಲು ಹೇಳಬಹುದು. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಕಡಿಮೆಯೂ ಮಾಡಬೇಡಿ. ವಸಡಿನಿಂದ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಕಪ್ಪು ಮಲ, ನಿಲ್ಲದ ಮೂಗಿನ ರಕ್ತ, ಜೋರಾದ ತಲೆನೋವು – ಇದರಲ್ಲಿ ಯಾವುದು ಕಂಡರೂ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಇಷ್ಟು ಅವಸರ ಯಾಕೆ ಅಂದರೆ, ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಇರುವುದು ಹೆಚ್ಚೂಕಮ್ಮಿ ಒಂದೇ ಪದಾರ್ಥ, ಮಿಥೈಲ್ ಸ್ಯಾಲಿಸಿಲೇಟ್. ನೂರಕ್ಕೆ 95ಕ್ಕಿಂತ ಜಾಸ್ತಿ ಅದೇ. ಇದು ಆಸ್ಪಿರಿನ್‌ನ ಹತ್ತಿರದ ಸಂಬಂಧಿ. ಒಂದು ಚಮಚ, ಅಂದರೆ 5 ಮಿ.ಲೀ. ವಿಂಟರ್‌ಗ್ರೀನ್ ಎಣ್ಣೆ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. 300 ಮಿ.ಗ್ರಾಂ.ನ ಮಾತ್ರೆಗಳ ಲೆಕ್ಕದಲ್ಲಿ 20ಕ್ಕಿಂತ ಹೆಚ್ಚು. ಚರ್ಮದ ಮೂಲಕ ಅಷ್ಟೂ ಒಳಗೆ ಹೋಗುವುದಿಲ್ಲ, ನಿಜ. ಆದರೆ ದಿನವೂ ತಿಕ್ಕಿ ಹಚ್ಚಿದರೆ ಒಂದು ಪಾಲು ಹೋಗಿಯೇ ಹೋಗುತ್ತದೆ. ಹಚ್ಚಿದ ಮೇಲೆ ಬಿಸಿನೀರಿನ ಶಾಖ ಕೊಟ್ಟರೆ, ಬಟ್ಟೆ ಬಿಗಿದು ಕಟ್ಟಿದರೆ ಇನ್ನೂ ಹೆಚ್ಚು. ವಾರ್ಫರಿನ್ ಥರದ ಮಾತ್ರೆ ತೆಗೆದುಕೊಳ್ಳುವವರು ಮಿಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮನ್ನು ಬರೀ ಹೊರಗಿನಿಂದ ಹಚ್ಚಿಕೊಂಡು ರಕ್ತ ಅತಿಯಾಗಿ ತೆಳುವಾಗಿರುವ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಇನ್ನೊಂದು ಪ್ರಶ್ನೆ ನಿಮಗೆ: ಅತ್ತೆಯವರು ಇದರ ಜೊತೆಗೆ ಅಂಗಡಿಯ ನೋವಿನ ಮುಲಾಮು ಅಥವಾ ಸ್ಪ್ರೇ ಕೂಡ ಬಳಸುತ್ತಾರಾ? ಅದರ ಡಬ್ಬಿಯ ಹಿಂದೆ ಓದಿ ನೋಡಿ. ಹೆಚ್ಚಿನವುಗಳಲ್ಲಿ ಇದೇ ಮಿಥೈಲ್ ಸ್ಯಾಲಿಸಿಲೇಟ್, ಮೆಂಥಾಲ್, ಕರ್ಪೂರ ಇರುತ್ತವೆ. ಬೆಳಿಗ್ಗೆ ಮುಲಾಮು, ರಾತ್ರಿ ನಿಮ್ಮ ಎಣ್ಣೆ. ಹೆಸರು ಎರಡು, ಮೈಗೆ ಹೋಗಿದ್ದು ಒಂದೇ ಪದಾರ್ಥ.

ಎಣ್ಣೆ ಬೆರೆಸುವವರೆಲ್ಲ ಕಲಿಯಬೇಕಾದ ಮುಖ್ಯ ವಿಷಯವೂ ಇದೇ. ಬಾಟಲಿಗಳನ್ನು ಎಣಿಸಬೇಡಿ, ಬಾಟಲಿಯ ಒಳಗಿರುವ ಪದಾರ್ಥವನ್ನು ಕೂಡಿಸಿ. ಸಾರಿಗೆ ಮೂರು ಜನ ಬಂದು ಒಬ್ಬೊಬ್ಬರೂ ಅಳತೆಗೆ ಸರಿಯಾಗಿಯೇ ಉಪ್ಪು ಹಾಕಿದರೆ ಕೊನೆಗೆ ಸಾರು ಏನಾಗುತ್ತದೆ ಎಂದು ನಿಮಗೆ ಗೊತ್ತು. ಒಂದೊಂದು ಎಣ್ಣೆಗೂ ಸುರಕ್ಷಿತ ಮಿತಿ ಇದೆ. ಆ ಮಿತಿ ಆ ಎಣ್ಣೆ ಒಂದೇ ಇದ್ದಾಗಿನ ಲೆಕ್ಕ. ಒಂದೇ ಪದಾರ್ಥ ಇರುವ ಎರಡು ಮೂರು ಎಣ್ಣೆ ಸೇರಿದಾಗ ಎಲ್ಲವೂ ಆ ಒಂದು ಮಿತಿಯನ್ನೇ ಹಂಚಿಕೊಳ್ಳಬೇಕು.

ನಿಮ್ಮ ಬಾಟಲಿಯನ್ನೇ ತೆಗೆದುಕೊಳ್ಳೋಣ. 20 ಹನಿಗೆ ಸುಮಾರು 1 ಮಿ.ಲೀ. ಎಂದು ಇಟ್ಟುಕೊಂಡರೆ, ಲವಂಗ 2 ಮಿ.ಲೀ., ನಿಂಬೆಹುಲ್ಲು 2, ದಾಲ್ಚಿನ್ನಿ 1, ನೀಲಗಿರಿ 5, ವಿಂಟರ್‌ಗ್ರೀನ್ 5. ಒಟ್ಟು 15 ಮಿ.ಲೀ., ಅಂದರೆ 15 ಪರ್ಸೆಂಟ್. ದೊಡ್ಡವರ ಮೈಗೆ ಹಚ್ಚುವ ಮಸಾಜ್ ಎಣ್ಣೆಯಲ್ಲಿ ನಾನು ಎಲ್ಲ ಸುಗಂಧ ಎಣ್ಣೆ ಸೇರಿ 2 ಪರ್ಸೆಂಟ್ ದಾಟಿಸುವುದಿಲ್ಲ. ವಯಸ್ಸಾದವರಿಗೆ 1 ಪರ್ಸೆಂಟ್ ಸಾಕು. ಅವರ ಚರ್ಮ ತೆಳು, ಮಾತ್ರೆಗಳೂ ಹೆಚ್ಚು.

ಈಗ ಒಳಗೆ ನೋಡೋಣ. ಲವಂಗದ ಎಣ್ಣೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಯೂಜಿನಾಲ್ ಎಂಬ ಪದಾರ್ಥ. ದಾಲ್ಚಿನ್ನಿ ಎಲೆಯ ಎಣ್ಣೆಯಲ್ಲೂ ಬಹುಪಾಲು ಅದೇ. ಚರ್ಮದ ಮೇಲೆ ಉಳಿಯುವ ಎಣ್ಣೆಯಲ್ಲಿ ಯೂಜಿನಾಲ್ ಅರ್ಧ ಪರ್ಸೆಂಟ್ ಮೀರಬಾರದು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಮಿತಿ. ನಿಮ್ಮ ದಾಲ್ಚಿನ್ನಿ ಎಣ್ಣೆ ಎಲೆಯದಾಗಿದ್ದರೆ, ಬಾಟಲಿಯಲ್ಲಿ ಲವಂಗ, ದಾಲ್ಚಿನ್ನಿ ಎರಡರಿಂದ ಸೇರಿ 2 ಪರ್ಸೆಂಟ್‌ಗೂ ಮೇಲೆ ಇದೆ. ನಾಲ್ಕೈದು ಪಟ್ಟು! ನಿಂಬೆಹುಲ್ಲಿನ ಎಣ್ಣೆಯ ಬಹುಪಾಲು ಸಿಟ್ರಾಲ್. ಆ ಎಣ್ಣೆಗೆ ಮಿತಿ 0.7 ಪರ್ಸೆಂಟ್, 100 ಮಿ.ಲೀ.ಗೆ ಹದಿನಾಲ್ಕು ಹನಿ. ನೀವು ಹಾಕಿದ್ದು 40. ವಿಂಟರ್‌ಗ್ರೀನ್‌ಗೆ ಆರೋಗ್ಯವಂತ ದೊಡ್ಡವರಲ್ಲೂ 2.4 ಪರ್ಸೆಂಟ್ ಕೊನೆಯ ಮಿತಿ, ನೀವು ಹಾಕಿದ್ದು 5. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಅದರ ಮಿತಿ ಸೊನ್ನೆ. ಇಲ್ಲಿ ಹೇಳಿದ ಅಂಕಿಗಳನ್ನು ನಾನು ಬಹುಪಾಲು ತೆಗೆದುಕೊಂಡಿದ್ದು ರಾಬರ್ಟ್ ಟಿಸರಾಂಡ್ ಮತ್ತು ರಾಡ್ನಿ ಯಂಗ್ ಅವರ ‘ಎಸೆನ್ಷಿಯಲ್ ಆಯಿಲ್ ಸೇಫ್ಟಿ’ ಪುಸ್ತಕದಿಂದ. ಎಣ್ಣೆಗಳ ಸುರಕ್ಷತೆಯನ್ನು ಅಷ್ಟು ಶ್ರದ್ಧೆಯಿಂದ ಲೆಕ್ಕ ಹಾಕಿದವರು ಕಡಿಮೆ.

ತುರಿಕೆಯ ಮಾತಿಗೆ ಬರೋಣ. "ವಿಷ ಹೊರಗೆ ಬರ್ತಿದೆ" ಎನ್ನುವುದು ಸುಳ್ಳು. ದಯವಿಟ್ಟು ನಂಬಬೇಡಿ. ಈ ಮಾತು ಕೇಳಿ ಹಚ್ಚುತ್ತಲೇ ಹೋದವರು ಚರ್ಮಕ್ಕೆ ಬಹಳ ಕಾಲದ ತೊಂದರೆ ತಂದುಕೊಳ್ಳುತ್ತಾರೆ. ಅದಕ್ಕೇ ನನಗೆ ಈ ಮಾತಿನ ಮೇಲೆ ಸಿಟ್ಟು.

ಚರ್ಮ ಎರಡು ಥರ ಪ್ರತಿಕ್ರಿಯೆ ಕೊಡುತ್ತದೆ. ಒಂದು, ಹಚ್ಚಿದ ಕೂಡಲೇ ಉರಿ. ಎಣ್ಣೆ ಖಾರವಾಯಿತು ಎಂದರ್ಥ. ತೊಳೆದರೆ, ಪ್ರಮಾಣ ಇಳಿಸಿದರೆ ಹೋಗುತ್ತದೆ. ಇನ್ನೊಂದು ಅಲರ್ಜಿ. ಮೊದಲ ಕೆಲವು ದಿನ ಏನೂ ಆಗುವುದಿಲ್ಲ. ಆ ಹೊತ್ತಿನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಆ ಪದಾರ್ಥವನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತಿರುತ್ತದೆ. ಆಮೇಲೆ ಒಂದು ದಿನ ಕೆಂಪು, ತುರಿಕೆ, ಸಣ್ಣ ಗುಳ್ಳೆ. ಹಚ್ಚಿ ಒಂದೆರಡು ದಿನ ಕಳೆದ ಮೇಲೂ ಬರಬಹುದು. ಅತ್ತೆಯವರಿಗೆ ಒಂದು ವಾರ ಚೆನ್ನಾಗಿದ್ದು ಆಮೇಲೆ ಶುರುವಾಗಿದೆ. ಹಾಗಾಗಿ ನನಗೆ ಎರಡನೆಯದರ ಅನುಮಾನ.

ಅಲರ್ಜಿ ಆದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆಮೇಲೆ ಪ್ರಮಾಣ ಎಷ್ಟೇ ಇಳಿಸಿದರೂ ಪ್ರಯೋಜನ ಕಡಿಮೆ. ಅದಕ್ಕೇ ಚರ್ಮರೋಗ ತಜ್ಞರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ, ಯಾವ ಪದಾರ್ಥಕ್ಕೆ ಅಲರ್ಜಿ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಯೂಜಿನಾಲ್ ಎಂದು ಗೊತ್ತಾದರೆ ಹಲ್ಲಿನ ಡಾಕ್ಟರಿಗೂ ಹೇಳಬೇಕು. ಹಲ್ಲಿನ ತಾತ್ಕಾಲಿಕ ಫಿಲ್ಲಿಂಗ್‌ಗೆ ಅವರು ಬಳಸುವ ಸಿಮೆಂಟಿನಲ್ಲಿ ಇದೇ ಯೂಜಿನಾಲ್ ಇರುತ್ತದೆ. ಸಿಟ್ರಾಲ್ ಆದರೆ ಸೋಪು, ಸೆಂಟು, ಕ್ರೀಮುಗಳ ಪಟ್ಟಿ ಓದಿ ಕೊಳ್ಳಬೇಕು. ಮಂಡಿಗೆ ಹಚ್ಚಿದ ಎಣ್ಣೆಯ ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಮನೆಯಲ್ಲೇ ಮಾಡುವ ಪರೀಕ್ಷೆ ಬೇರೆ. ಬೆರೆಸಿ ತಯಾರಾದ ಎಣ್ಣೆಯನ್ನು ಮೊಣಕೈ ಒಳಮಡಿಕೆಯಲ್ಲಿ ಒಂದು ಹನಿ ಹಚ್ಚಿ 48 ಗಂಟೆ ನೋಡುವುದು. ಇದನ್ನು ತಪ್ಪದೆ ಮಾಡಿ. ಅಪ್ಪಟ ಸುಗಂಧ ಎಣ್ಣೆಯನ್ನು ಹಾಗೇ ಹಚ್ಚಿ ಪರೀಕ್ಷೆ ಮಾಡಬೇಡಿ, ಆ ಪರೀಕ್ಷೆಯೇ ಅಲರ್ಜಿ ತರಬಹುದು. ಮತ್ತೆ, ಈ ಪರೀಕ್ಷೆ ಈಗಾಗಲೇ ಇರುವ ಅಲರ್ಜಿಯನ್ನು ತೋರಿಸುತ್ತದೆಯೇ ಹೊರತು ಮುಂದೆ ಬರುವುದನ್ನು ತೋರಿಸುವುದಿಲ್ಲ. ಮುಂದಿನದನ್ನು ತಡೆಯುವುದು ಕಡಿಮೆ ಪ್ರಮಾಣ ಒಂದೇ.

ಹನಿ ಎಂಬ ಅಳತೆಯನ್ನೂ ಜಾಸ್ತಿ ನಂಬಬೇಡಿ. ಎಣ್ಣೆ, ಡ್ರಾಪರ್ ನೋಡಿಕೊಂಡು 1 ಮಿ.ಲೀ.ಗೆ 20ರಿಂದ 40 ಹನಿವರೆಗೂ ಬರುತ್ತದೆ. ಲಾವಂಚ, ಶ್ರೀಗಂಧದ ಎಣ್ಣೆ ಮಂದ. ನಿಂಬೆ, ನೀಲಗಿರಿ ನೀರಿನ ಹಾಗೆ ಓಡುತ್ತವೆ. ಒಂದೆರಡು ಬಾಟಲಿ ಮನೆಮಟ್ಟಿಗೆ ಮಾಡುವವರು 20 ಹನಿ ಅಂದರೆ 1 ಮಿ.ಲೀ. ಎಂದು ಇಟ್ಟುಕೊಂಡು ಮಿತಿಯ ಅರ್ಧದಲ್ಲೇ ನಿಂತರೆ ಸಾಕು. ಬೇರೆಯವರಿಗೆ ಮಾಡಿಕೊಡುವವರು, ಮಾರುವವರು 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ತೂಕದಲ್ಲೇ ಬೆರೆಸಬೇಕು. ಅಡುಗೆಮನೆಯ ಚಮಚದಲ್ಲಿ ಸುಗಂಧ ಎಣ್ಣೆ ಅಳೆಯುವುದನ್ನು ಮಾತ್ರ ಇವತ್ತೇ ಬಿಟ್ಟುಬಿಡಿ. ಚಮಚ ಎಂಬುದು ಈ ಎಣ್ಣೆಗಳ ಅಳತೆಯೇ ಅಲ್ಲ.

ಲೆಕ್ಕ ಸರಿ ಇದ್ದರೂ ಬಾಟಲಿಯಲ್ಲಿ ಇರುವುದು ಏನು ಎಂಬುದೇ ಗೊತ್ತಿಲ್ಲದಿದ್ದರೆ ಲೆಕ್ಕ ದಂಡ. ನಿಮ್ಮ ದಾಲ್ಚಿನ್ನಿ ಬಾಟಲಿಯ ಮೇಲೆ ಎಲೆ ಎಂದಿದೆಯಾ, ತೊಗಟೆ ಎಂದಿದೆಯಾ? ಎಲೆಯ ಎಣ್ಣೆಗೆ ಚರ್ಮದ ಮಿತಿ 0.6 ಪರ್ಸೆಂಟ್. ತೊಗಟೆಯ ಎಣ್ಣೆಗೆ 0.07 ಪರ್ಸೆಂಟ್, ಅಂದರೆ 100 ಮಿ.ಲೀ.ಗೆ ಒಂದೂವರೆ ಹನಿಯೂ ಇಲ್ಲ. ತೊಗಟೆಯಲ್ಲಿ ಸಿನ್ನಮಾಲ್ಡಿಹೈಡ್ ತುಂಬಿರುತ್ತದೆ. ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಅದು ಮುಂಚೂಣಿಯಲ್ಲಿದೆ. ನಿಮ್ಮದು ತೊಗಟೆಯದಾಗಿದ್ದರೆ 20 ಹನಿ ಎಂದರೆ ಮಿತಿಯ ಹದಿನಾಲ್ಕು ಪಟ್ಟು. ಲೇಬಲ್ ಮೇಲೆ ಸುಮ್ನೆ "ಸಿನ್ನಮನ್ ಆಯಿಲ್" ಎಂದಷ್ಟೇ ಇದ್ದರೆ ನಾನು ಅದನ್ನು ಮೈಗೆ ಹಚ್ಚುವ ಯಾವುದಕ್ಕೂ ಹಾಕುವುದಿಲ್ಲ.

ಲ್ಯಾವೆಂಡರ್ ಕಥೆಯೂ ಇದೇ. ಲ್ಯಾವಂಡುಲ ಅಂಗಸ್ಟಿಫೋಲಿಯ ಎಂಬ ಜಾತಿ ಸೌಮ್ಯ. ಲ್ಯಾವಂಡುಲ ಲ್ಯಾಟಿಫೋಲಿಯ, ಅಂದರೆ ಸ್ಪೈಕ್ ಲ್ಯಾವೆಂಡರ್‌ನಲ್ಲಿ ಕರ್ಪೂರದ ಅಂಶ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಬಾಟಲಿಯ ಮೇಲೆ ಸಸ್ಯಶಾಸ್ತ್ರದ ಹೆಸರು, ಗಿಡದ ಯಾವ ಭಾಗ, ಬ್ಯಾಚ್ ನಂಬರ್, ತಯಾರಿಸಿದ ದಿನ ಇರಲೇಬೇಕು. ಒಳ್ಳೆಯ ಮಾರಾಟಗಾರರು ಆ ಬ್ಯಾಚಿನ ಜಿಸಿ-ಎಂಎಸ್ ವರದಿ ಕೇಳಿದರೆ ಕೊಡುತ್ತಾರೆ. ಯಾವ ಪದಾರ್ಥ ಎಷ್ಟು ಪರ್ಸೆಂಟ್ ಇದೆ ಎಂದು ಅದರಲ್ಲಿ ಬರೆದಿರುತ್ತದೆ. "ಥೆರಪ್ಯೂಟಿಕ್ ಗ್ರೇಡ್" ಎಂಬ ಮುದ್ರೆಗೆ ಬೆಲೆ ಕೊಡಬೇಡಿ. ಅಂಥ ಸರ್ಕಾರಿ ದರ್ಜೆ ಯಾವುದೂ ಇಲ್ಲ, ಕಂಪನಿಗಳು ತಾವೇ ಇಟ್ಟುಕೊಂಡ ಹೆಸರು ಅದು.

ಮೈಸೂರಿನ ದೇವರಾಜ ಮಾರುಕಟ್ಟೆಯ ಎಣ್ಣೆ ಅಂಗಡಿಗಳ ಮುಂದೆ ನಿಂತರೆ ಯಾರಿಗಾದರೂ ಮನಸ್ಸು ಅರಳುತ್ತದೆ. ನನಗೂ ಆ ಸಾಲು ಇಷ್ಟ. ಆದರೆ ಲೇಬಲ್ ಇಲ್ಲದ ಬಾಟಲಿಯಿಂದ ಸುರಿದುಕೊಟ್ಟ ಎಣ್ಣೆಯನ್ನು ಪರಿಮಳಕ್ಕೆ ಇಟ್ಟುಕೊಳ್ಳಿ, ಚರ್ಮಕ್ಕೆ ಬೇಡ. ಮಲ್ಲಿಗೆಯ ಅಪ್ಪಟ ಸಾರ ಕೆ.ಜಿ.ಗೆ ಲಕ್ಷಗಟ್ಟಲೆ ಬೆಲೆಯದು. ನೂರಿನ್ನೂರು ರೂಪಾಯಿಗೆ ಒಂದು ಬಾಟಲಿ ಮಲ್ಲಿಗೆ ಎಣ್ಣೆ ಸಿಕ್ಕಿತು ಅಂದರೆ ಅದು ಕೃತಕ ಸುಗಂಧ, ಇಲ್ಲವೇ ತುಂಬಾ ತೆಳುವಾಗಿಸಿದ್ದು. ಶ್ರೀಗಂಧವೂ ಹಾಗೇ. 1916ರಷ್ಟು ಹಿಂದೆಯೇ ಸರ್ಕಾರಿ ಗಂಧದೆಣ್ಣೆ ತೆಗೆಯಲು ಶುರು ಮಾಡಿದ ನಾಡು ನಮ್ಮದು. ಅಸಲಿ ಗಂಧದೆಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ 41ರಿಂದ 55 ಪರ್ಸೆಂಟ್ ಇರಬೇಕು ಎಂದು ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ವರದಿ ಕೈಯಲ್ಲಿದ್ದರೆ ಇದನ್ನು ನೀವೇ ನೋಡಿಕೊಳ್ಳಬಹುದು. ಕಲಬೆರಕೆಯಲ್ಲಿ ದುಡ್ಡು ಹೋಗುವುದು ಒಂದು ನಷ್ಟ. ಏನು ಬೆರೆಸಿದ್ದಾರೆ ಎಂದು ಗೊತ್ತಿಲ್ಲದೆ ಮೈಗೆ ಹಚ್ಚುವುದು ಅದಕ್ಕಿಂತ ದೊಡ್ಡ ಅಪಾಯ.

ಎಣ್ಣೆಯ ವಯಸ್ಸನ್ನೂ ನೋಡಿ. ನಿಂಬೆ, ಕಿತ್ತಳೆ, ಟೀ ಟ್ರೀ ಎಣ್ಣೆಗಳು ಗಾಳಿ, ಬೆಳಕು, ಶಾಖ ತಾಗಿದಷ್ಟೂ ಕೆಡುತ್ತವೆ. ಅವುಗಳಲ್ಲಿರುವ ಲಿಮೋನಿನ್ ಥರದ ಪದಾರ್ಥಗಳು ಆಮ್ಲಜನಕದ ಜೊತೆ ಸೇರಿ ಹೊಸ ಪದಾರ್ಥಗಳಾಗುತ್ತವೆ. ಹೊಸ ಎಣ್ಣೆಗೆ ಏನೂ ಆಗದ ಚರ್ಮ ಹಳೆಯದಕ್ಕೆ ಅಲರ್ಜಿ ತೋರಿಸುವುದು ಇದರಿಂದಲೇ. ಲ್ಯಾವೆಂಡರ್‌ನ ಲಿನಲೂಲ್ ಕೂಡ ಹೀಗೆಯೇ. ಮುಚ್ಚಳ ತೆರೆದ ದಿನವನ್ನು ಬಾಟಲಿಯ ಮೇಲೆ ಬರೆದಿಡಿ. ನಿಂಬೆ ಜಾತಿಯವನ್ನು ಕಂದು ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ, ಮಗುವಿನ ಕೈಗೆ ಸಿಗದ ಡಬ್ಬಿಯೊಳಗೆ ಇಟ್ಟು ಒಂದು ವರ್ಷದೊಳಗೆ ಮುಗಿಸಿ. ಶ್ರೀಗಂಧ, ಲಾವಂಚ, ಪಚ್ಚೆತೆನೆ ಎಣ್ಣೆಗಳು ವರ್ಷಗಟ್ಟಲೆ ಬಾಳುತ್ತವೆ. ಬಿಸಿಲು ಬೀಳುವ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ಬಾಟಲಿಗಳಿಂದ ಕೊಳ್ಳಬೇಡಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಡಲೂಬೇಡಿ. ಕಿತ್ತಳೆ ಎಣ್ಣೆಯ ಒಂದೆರಡು ಹನಿ ಥರ್ಮಕೋಲ್ ಮೇಲೆ ಬಿಟ್ಟರೆ ಅದು ಕಣ್ಣೆದುರಿಗೇ ಕರಗುತ್ತದೆ.

ನಿಮ್ಮ ಮುಖದ ಎಣ್ಣೆಗೆ ನಿಂಬೆ ಬೇಡ ಎಂದೇ ನನ್ನ ಸಲಹೆ. ಸಿಪ್ಪೆ ಹಿಂಡಿ ತೆಗೆದ ನಿಂಬೆ (ಲೆಮನ್) ಎಣ್ಣೆಯಲ್ಲಿ ಫ್ಯೂರೊಕೌಮರಿನ್ ಎಂಬ ಪದಾರ್ಥಗಳಿವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ, ಗುಳ್ಳೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ನಮ್ಮ ಮೈಬಣ್ಣಕ್ಕೆ ಆ ಕಲೆ ಇನ್ನೂ ಎದ್ದು ಕಾಣುತ್ತದೆ. ನಿಂಬೆ ಜಾತಿಯ ಎಣ್ಣೆಗಳ ಪೈಕಿ ಇಟಲಿಯ ಕಲಾಬ್ರಿಯ ಪ್ರದೇಶದಿಂದ ಬರುವ ಬರ್ಗಮಾಟ್ ಹಣ್ಣಿನ ಎಣ್ಣೆ ಇದರಲ್ಲಿ ಎಲ್ಲಕ್ಕಿಂತ ಜೋರು. ಅದಕ್ಕೆ ಮಿತಿ 0.4 ಪರ್ಸೆಂಟ್, ನಿಂಬೆಗೆ 2 ಪರ್ಸೆಂಟ್. ಇಲ್ಲೂ ಕೂಡಿಸುವ ಲೆಕ್ಕ ಬರುತ್ತದೆ. 1 ಪರ್ಸೆಂಟ್ ನಿಂಬೆ ಅಂದರೆ ಅರ್ಧ ಮಿತಿ, 0.2 ಪರ್ಸೆಂಟ್ ಬರ್ಗಮಾಟ್ ಅಂದರೆ ಇನ್ನರ್ಧ. ಎರಡೂ ಸೇರಿದರೆ ಮಿತಿ ತುಂಬಿತು, ಇನ್ನು ಒಂದು ಹನಿ ಲೈಮ್ ಎಣ್ಣೆಗೂ ಜಾಗವಿಲ್ಲ. ಮಿತಿ ಮೀರಿ ಹಚ್ಚಿದವರು ಕನಿಷ್ಠ 12 ಗಂಟೆ ಆ ಜಾಗಕ್ಕೆ ಬಿಸಿಲು ತಾಗಿಸಬಾರದು. ನಿಂಬೆಯ ಪರಿಮಳದ ಜಾತಿಯದೇ ಬೇಕಿದ್ದರೆ ಸಿಹಿ ಕಿತ್ತಳೆಯ ಎಣ್ಣೆ ಬಳಸಿ. ಅದಕ್ಕೆ ಬಿಸಿಲಿನ ಈ ತೊಂದರೆ ಇಲ್ಲ. ಮುಖಕ್ಕೆ ಒಟ್ಟು ಅರ್ಧ ಪರ್ಸೆಂಟ್ ದಾಟಬೇಡಿ: 30 ಮಿ.ಲೀ. ಬಾದಾಮಿ ಎಣ್ಣೆಗೆ ಮೂರು ಹನಿ.

ಈಗ ಮಗು. 14 ತಿಂಗಳ ಮಗು ಮಲಗುವ ಕೋಣೆಯಲ್ಲಿ ನೀಲಗಿರಿ ಡಿಫ್ಯೂಸರ್ ಬೇಡ. ಪುದೀನದ ಎಣ್ಣೆಯೂ ಬೇಡ. ನೀಲಗಿರಿಯ ಸಿನಿಯೋಲ್, ಪುದೀನದ ಮೆಂಥಾಲ್ ದೊಡ್ಡವರಿಗೆ ಮೂಗು ಬಿಚ್ಚಿದಂತೆ ಅನ್ನಿಸಿದರೂ ತೀರಾ ಚಿಕ್ಕ ಮಕ್ಕಳಲ್ಲಿ ಉಸಿರಾಟವನ್ನೇ ತಡೆಯಬಹುದು. ಮೂಗಿನ ಹತ್ತಿರ, ಮುಖಕ್ಕೆ, ಎದೆಗೆ ಹಚ್ಚುವುದಂತೂ ಬೇಡವೇ ಬೇಡ. ಹತ್ತು ವರ್ಷದ ಒಳಗಿನ ಮಕ್ಕಳ ಮುಖದ ಬಳಿ ಈ ಎರಡನ್ನೂ ತರಬಾರದು ಎಂದೇ ನಾನು ಹೇಳುವುದು. ಎರಡು ವರ್ಷದೊಳಗಿನ ಮಗುವಿಗೆ ಯಾವ ಸುಗಂಧ ಎಣ್ಣೆಯ ಅವಶ್ಯಕತೆಯೂ ಇಲ್ಲ. ಮೂಗು ಕಟ್ಟಿದರೆ ಡಾಕ್ಟರನ್ನು ಕೇಳಿ ಉಪ್ಪುನೀರಿನ ಮೂಗಿನ ಹನಿ ಬಳಸಿ.

ಕರ್ಪೂರದ ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬೆಚ್ಚಗೆ ಮಾಡಿ ಮಗುವಿನ ಎದೆ, ಬೆನ್ನಿಗೆ ತಿಕ್ಕುವುದು ನಮ್ಮ ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದ ಮಾಡುವ ಕೆಲಸ. ಪ್ರೀತಿ ಸರಿ, ಕರ್ಪೂರ ತಪ್ಪು. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಮಿದುಳನ್ನು ಕೆರಳಿಸಿ ಫಿಟ್ಸ್ ತರಬಲ್ಲದು. ಮಗು ಪೂಜೆಯ ಕರ್ಪೂರದ ಬಿಲ್ಲೆ ನುಂಗಿದರೆ ಅದು ತುರ್ತು ಪರಿಸ್ಥಿತಿ. ದೊಡ್ಡವರಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನರರೋಗ ತಜ್ಞರು ನೀಲಗಿರಿ ಮತ್ತು ಕರ್ಪೂರ ಇರುವ ಎಣ್ಣೆ, ಮುಲಾಮುಗಳಿಂದ ವಯಸ್ಕರಲ್ಲಿ ಫಿಟ್ಸ್ ಬಂದ ಪ್ರಕರಣಗಳನ್ನು ದಾಖಲಿಸಿದ್ದಾರೆ. ಮೂರ್ಛೆರೋಗ ಇರುವವರು ಮನೆಯಲ್ಲಿದ್ದರೆ ಇವೆರಡೂ ಇರುವ ಎಣ್ಣೆ, ಬಾಮು, ಆವಿ ಎಲ್ಲವನ್ನೂ ಪಕ್ಕಕ್ಕಿಡಿ. ಹೊಸದಾಗಿ ಫಿಟ್ಸ್ ಬಂದು ಡಾಕ್ಟರ ಹತ್ತಿರ ಹೋದಾಗ ಹಚ್ಚಿದ ಬಾಮಿನ ಹೆಸರನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.

ನುಂಗಿದರೆ ಇನ್ನೂ ಅಪಾಯ. ಸಿಹಿ ವಾಸನೆಯ ವಿಂಟರ್‌ಗ್ರೀನ್ ಎಣ್ಣೆ ಮಗುವಿಗೆ ಮಿಠಾಯಿಯ ಹಾಗೆ ಅನ್ನಿಸಬಹುದು. ಒಂದು ಚಮಚ ಸಣ್ಣ ಮಗುವಿನ ಜೀವ ತೆಗೆಯಲು ಸಾಕು. ಲವಂಗದ ಎಣ್ಣೆ ನುಂಗಿದ ಮಕ್ಕಳಿಗೆ ಲಿವರ್ ಹಾಳಾದದ್ದಿದೆ. ನೀಲಗಿರಿ ನುಂಗಿದ ಮಗು ಕೆಲವೇ ನಿಮಿಷಗಳಲ್ಲಿ ಮಂಪರಿಗೆ ಜಾರಬಹುದು. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ. ವಾಂತಿಯ ಹೊತ್ತಿನಲ್ಲಿ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗುತ್ತದೆ. ಹಾಲು, ತುಪ್ಪ ಏನೂ ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ನೀರಿಗೆ ಎರಡು ಹನಿ ನಿಂಬೆ ಎಣ್ಣೆ, ಪುದೀನ ಎಣ್ಣೆ ಹಾಕಿ ಕುಡಿಯಿರಿ ಎನ್ನುವ ವಿಡಿಯೋಗಳು ಬರುತ್ತಿರುತ್ತವೆ. ಆ ಸಲಹೆ ಕೊಡುವವರು ನಿಮ್ಮ ಹೊಟ್ಟೆಯ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ಕುಡಿಯಬೇಡಿ.

ದೊಡ್ಡವರು ಮಾತ್ರ ಇರುವಾಗ ಡಿಫ್ಯೂಸರ್ ಬಳಸಬಹುದು. ಕಿಟಕಿ ಸ್ವಲ್ಪ ತೆರೆದಿರಲಿ, ಅರ್ಧ ಗಂಟೆ ಹಚ್ಚಿ ಆರಿಸಿ. ಯಾರಿಗಾದರೂ ಆಸ್ತಮಾ ಇದ್ದರೆ ಬೇಡ. ಬೆಕ್ಕು ಸಾಕಿದ್ದರೂ ಬೇಡ, ಈ ಪದಾರ್ಥಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಕಡಿಮೆ. ಟೀ ಟ್ರೀ ಎಣ್ಣೆಯಂತೂ ಬೆಕ್ಕು, ನಾಯಿ ಎರಡಕ್ಕೂ ವಿಷ. ಸ್ನಾನದ ಬಕೆಟ್ಟಿಗೆ ನೇರವಾಗಿ ಹನಿ ಹಾಕಬೇಡಿ. ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆ ತೇಲಿ, ಹಾಗೇ ಅಪ್ಪಟವಾಗಿ ಮೈಗೆ ಅಂಟುತ್ತದೆ. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳು, ಡಾಕ್ಟರನ್ನು ಕೇಳದೆ ಯಾವುದನ್ನೂ ಮೈಗೆ ಹಚ್ಚದಿರುವುದು ಒಳ್ಳೆಯದು.

ಮುಂದೆ ನೀವೇ ಮಾಡಿಕೊಳ್ಳುವುದಾದರೆ ಹೀಗೆ ಶುರು ಮಾಡಿ. 50 ಮಿ.ಲೀ. ಎಳ್ಳೆಣ್ಣೆಗೆ ಲ್ಯಾವೆಂಡರ್ ಆರು ಹನಿ, ಲಾವಂಚ ಎರಡು ಹನಿ, ನಿಂಬೆಹುಲ್ಲು ಎರಡು ಹನಿ. ಒಟ್ಟು ಹತ್ತು ಹನಿ, 1 ಪರ್ಸೆಂಟ್. ನಿಂಬೆಹುಲ್ಲು ಇದರಲ್ಲಿ 0.2 ಪರ್ಸೆಂಟ್ ಅಷ್ಟೇ, ಮಿತಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಒಂದು ಸಲಕ್ಕೆ ಮೂರು ಎಣ್ಣೆಗಿಂತ ಜಾಸ್ತಿ ಬೆರೆಸಬೇಡಿ. ಐದಾರು ಬೆರೆಸಿದ ಮೇಲೆ ತುರಿಕೆ ಬಂದರೆ ಯಾವುದರಿಂದ ಎಂದು ಹುಡುಕುವುದು ಕಷ್ಟ, ಈಗ ನಿಮಗೆ ಆಗಿರುವ ಹಾಗೆ. ಎಣ್ಣೆ ಬೆಚ್ಚಗೆ ಬೇಕು ಅನ್ನಿಸಿದರೆ ಎಳ್ಳೆಣ್ಣೆಯನ್ನು ಮೊದಲು ಬಿಸಿ ಮಾಡಿ, ಒಲೆ ಆರಿಸಿ, ಬೆಚ್ಚಗಾಗುವಷ್ಟು ಆರಿದ ಮೇಲೆ ಹನಿ ಹಾಕಿ. ಬೆರೆಸಿದ ಎಣ್ಣೆಯನ್ನು ಒಲೆಯ ಮೇಲೆ ಇಡಬೇಡಿ. ನಿಂಬೆ ಜಾತಿಯ ಎಣ್ಣೆ, ನೀಲಗಿರಿ ಎಣ್ಣೆಗಳ ಆವಿ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿ ತಾಗಿದರೆ ಬೆಂಕಿ ಹಿಡಿಯುತ್ತದೆ.

ಈ ಎಣ್ಣೆ ನಿಮಗೆ, ನಿಮ್ಮ ಯಜಮಾನರಿಗೆ. ಅತ್ತೆಯವರ ಮಂಡಿಗೆ ಸದ್ಯಕ್ಕೆ ಯಾವ ಸುಗಂಧ ಎಣ್ಣೆಯೂ ಬೇಡ. ಚರ್ಮ ಪೂರ್ತಿ ವಾಸಿಯಾದ ಮೇಲೆ ಬರೀ ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಮೆಲ್ಲಗೆ ನೀವಿ. ನೋವಿಗೆ ಆರಾಮ ಕೊಡುವುದರಲ್ಲಿ ನೀವುವ ಕೈಯ ಪಾಲು ದೊಡ್ಡದು. ಲ್ಯಾವೆಂಡರ್ ಆಗಲಿ, ಲಾವಂಚ ಆಗಲಿ ಸೇರಿಸಬೇಕೋ ಬೇಡವೋ ಎಂಬುದನ್ನು ಪ್ಯಾಚ್ ಟೆಸ್ಟ್ ವರದಿ ಬಂದ ಮೇಲೆ ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಿ.

ಉಳಿದಿರುವ ಆ 100 ಮಿ.ಲೀ. ಬಾಟಲಿಯನ್ನು ಕೊಬ್ಬರಿ ಎಣ್ಣೆ ಸೇರಿಸಿ ತೆಳುವಾಗಿಸಿ ಬಳಸೋಣ ಅಂತ ಅನ್ನಿಸಬಹುದು. ಬೇಡ. ಅದರಲ್ಲಿರುವ ದಾಲ್ಚಿನ್ನಿ ಯಾವುದು ಎಂದೇ ಗೊತ್ತಿಲ್ಲ. ಸಿಂಕಿಗೆ ಸುರಿಯಬೇಡಿ, ಮರದ ಹೊಟ್ಟಿಗೋ ಒಣ ಮಣ್ಣಿಗೋ ಹೀರಿಸಿ ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಮಗು, ಸಾಕುಪ್ರಾಣಿ ಮುಟ್ಟದಂತೆ ನೋಡಿಕೊಳ್ಳಿ. ಒಂದು ಕೆಲಸ ಮಾತ್ರ ಅದಕ್ಕೂ ಮೊದಲು: ಐದು ಎಣ್ಣೆಯ ಬಾಟಲಿಗಳ ಲೇಬಲ್‌ಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಒಂದು ಸಣ್ಣ ಬಾಟಲಿಯಲ್ಲಿ ಹತ್ತು ಮಿ.ಲೀ. ಬೆರೆಸಿದ ಎಣ್ಣೆಯನ್ನು ಎತ್ತಿಡಿ. ಚರ್ಮರೋಗ ತಜ್ಞರು ಕೇಳಿದರೆ ಬೇಕಾಗುತ್ತದೆ.